ಸೀನನ ಕಾರಿಗೊಂದು ಬೈಂಡು

ಸೀನ ಕಾರು ಬುಕ್ ಮಾಡಿದ್ದು ಗೌರಿಹಬ್ಬದ ಹಿಂದಿನ ವಾರ. ಅಲ್ಲಿಂದಲೇ ನಮ್ಮ ಭಾನುವಾರದ ಬೈಟು ಕಾಫಿಗೆ ಗ್ರಹಚಾರ ವಕ್ಕರಿಸಿತು. ಅದಕ್ಕೆ ಮುಂಚೆ ಹನುಮಂತನಗರದ ದರ್ಶಿನಿಯಲ್ಲಿ ಎದೆಮಟ್ಟದ ಸ್ಟೀಲ್ ಟೇಬಲ್ ಸುತ್ತ ನಿಂತು ಕ್ರಿಕೆಟ್ಟು, ಕಾರ್ಪೊರೇಷನ್ನು, ಯಾರ ಮನೆ ಬೋರ್‌ವೆಲ್ ಬತ್ತಿತು ಅಂತ ನೆಮ್ಮದಿಯಾಗಿ ಹರಟುತ್ತಿದ್ದೆವು. ಈಗ ಒಂದೇ ಸಮಾಚಾರ.

"ಪಿಪಿಎಫ್ ಹಾಕಿಸ್ಬೇಕು," ಅಂದ ಸೀನ.

"ಒಳ್ಳೇ ಬುದ್ಧಿ ಬಂತು," ಅಂದರು ಮೇಷ್ಟ್ರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ರಿಟೈರಾದವರು. "ಪೋಸ್ಟಾಫೀಸಲ್ಲೇ ಹಾಕು. ಹದಿನೈದು ವರ್ಷ. ನನ್ನದು ಮಗಳ ಮದುವೆಗೆ ಬಂತು."

"ಆ ಪಿಪಿಎಫ್ ಅಲ್ಲ ಸಾರ್. ಪೇಂಟ್ ಪ್ರೊಟೆಕ್ಷನ್ ಫಿಲ್ಮು. ಕಾರಿನ ಬಣ್ಣದ ಮೇಲೆ ತೆಳ್ಳಗೆ ಕಾಣದ ಹಾಗೆ ಒಂದು ಹಾಳೆ ಅಂಟಿಸ್ತಾರೆ. ಕಲ್ಲು ಹೊಡೆದ್ರೂ ಗೀರು ಬಿದ್ರೂ ಹಾಳೆಗೇ ಆಗತ್ತೆ, ಬಣ್ಣ ಹಾಗೇ ಇರತ್ತೆ."

"ಬಡ್ಡಿ ಎಷ್ಟು?"

"ಬಡ್ಡಿ ಎಲ್ಲಿಂದ ಬರತ್ತೆ ಸಾರ್..."

"ಅಸಲೂ ಬರಲ್ಲ," ಅಂದ ಮಂಜ, ವಡೆಯನ್ನು ಚಟ್ನಿಗೆ ಅದ್ದುತ್ತ.

ಮಂಜನ ಮಾತಿನಲ್ಲಿ ಸ್ವಲ್ಪ ಸ್ವಾರ್ಥವೂ ಇದೆ. ಅವನದು ಟಿಂಕರಿಂಗ್, ಪೇಂಟಿಂಗ್ ಶೆಡ್ಡು. ಊರಿನ ಕಾರುಗಳು ಗುದ್ದಿಕೊಂಡರೆ ಅವನ ಮನೆಯಲ್ಲಿ ಹೋಳಿಗೆ. ಈ ಫಿಲ್ಮು ಬಂದಮೇಲೆ ಗೀರಿನ ಗಿರಾಕಿಗಳು ಕಮ್ಮಿಯಾದರಂತೆ. ಆದರೆ ಫಿಲ್ಮು ಕತ್ತರಿಸುವಾಗ ಬ್ಲೇಡು ಬಣ್ಣದೊಳಕ್ಕೂ ಇಳಿದ ಕಾರುಗಳು ಕೊನೆಗೆ ಇವನ ಶೆಡ್ಡಿಗೇ ಬರುವುದರಿಂದ ಜಮಾಖರ್ಚು ಸರಿಹೋಗಿದೆ.

ಸೀನನ ಸಂಕಟವೂ ಸುಳ್ಳಲ್ಲ. ಬುಕ್ ಮಾಡಿದ್ದು ಕಪ್ಪು ಕಾರು. ಕಪ್ಪು ಅನ್ನುವುದು ಶೋರೂಮಿನ ಲೈಟಿನಲ್ಲಿ ಮಾತ್ರ ಕಪ್ಪು, ಮನೆಗೆ ಬಂದ ತಿಂಗಳಿಗೆ ಅದು ಸಣ್ಣ ಗೀರುಗಳ ಜೇಡರಬಲೆ. ಅವನ ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವ ಹುಡುಗ ಹತ್ತು ಕಾರಿಗೆ ಒಂದೇ ಬಟ್ಟೆ ಇಟ್ಟುಕೊಂಡು, ಹತ್ತು ಕಾರಿನ ಮಣ್ಣನ್ನೂ ಹತ್ತು ಕಾರಿಗೂ ಸಮನಾಗಿ ಹಂಚುತ್ತಾನೆ. ಅಷ್ಟು ಕಟ್ಟುನಿಟ್ಟಾದ ಸಮಾಜವಾದಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಸೀನ ನೋಟ್‌ಬುಕ್ ತೆಗೆದ. ಜೆ.ಸಿ. ರೋಡಿನಿಂದ ಶುರುಮಾಡಿ ಏಳು ಅಂಗಡಿ ಸುತ್ತಿ ರೇಟು ಬರೆದುಕೊಂಡಿದ್ದ. ಇಡೀ ಕಾರಿಗೆ 55 ಸಾವಿರದಿಂದ 1 ಲಕ್ಷ 70 ಸಾವಿರದವರೆಗೆ.

"ನೋಡಿ, ಇವನು 8 ಮಿಲ್ ಫಿಲ್ಮು ಅಂತಾನೆ, ಲಕ್ಷದ ಹತ್ತು ಸಾವಿರ. ಈ ಇನ್ನೊಬ್ಬ 200 ಮೈಕ್ರಾನ್, ಲಕ್ಷದ ಇಪ್ಪತ್ತೈದು. ಎಂಟೆಲ್ಲಿ, ಇನ್ನೂರೆಲ್ಲಿ! ಹದಿನೈದು ಸಾವಿರ ಹೋದ್ರೆ ಹೋಗ್ಲಿ, ಇನ್ನೂರಕ್ಕೇ ಅಡ್ವಾನ್ಸ್ ಕೊಟ್ಬಿಡೋಣಾಂತ."

ಮೇಷ್ಟ್ರು ಲೋಟ ಕೆಳಗಿಟ್ಟರು. ಮೂವತ್ತು ವರ್ಷದ ಸರ್ವೀಸು ಮುಖದ ಮೇಲೆ ಬಂತು. "ಮಿಲ್ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ. ಇಂಚಿಗೆ 25.4 ಮಿಲಿಮೀಟರ್. ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಮೈಕ್ರಾನ್. ಹಾಗಾದ್ರೆ ಒಂದು ಮಿಲ್‌ಗೆ ಎಷ್ಟು ಮೈಕ್ರಾನ್? 25.4. ಎಂಟರಿಂದ ಗುಣಿಸು."

ಸೀನ ಮೊಬೈಲಿನಲ್ಲಿ ಗುಣಿಸಿದ. 203.2.

"ಅಂದ್ರೆ ಕಮ್ಮಿ ದುಡ್ಡಿನೋನು ಮೂರು ಮೈಕ್ರಾನ್ ಕೊಸರು ಬೇರೆ ಹಾಕಿದಾನೆ," ಅಂದರು ಮೇಷ್ಟ್ರು. "ನನ್ನ ಕ್ಲಾಸಲ್ಲಿ ನೀನು ಕಿಟಕಿ ನೋಡ್ತಿದ್ದೆ. ಈಗ ಕಟ್ಟು ಹದಿನೈದು ಸಾವಿರ ಫೀಸು."

"ಬಣ್ಣ ಎಷ್ಟು ದಪ್ಪ ಇರತ್ತೋ ಮಂಜ?" ಅಂತ ನಾನು ಕೇಳಿದೆ.

"ಪ್ರೈಮರು, ಕಲರು, ಮೇಲಿನ ಕ್ಲಿಯರ್ ಕೋಟು ಎಲ್ಲಾ ಸೇರಿ ನೂರು, ನೂರಿಪ್ಪತ್ತು ಮೈಕ್ರಾನ್. ದಿನಾ ಮೀಟರ್ ಇಟ್ಟು ನೋಡ್ತೀನಲ್ಲ."

ಅಂದರೆ ಚರ್ಮಕ್ಕಿಂತ ರೈನ್‌ಕೋಟೇ ದಪ್ಪ. ಸೀನನಿಗೆ ಹೆಮ್ಮೆ ಉಕ್ಕಿತು. "ಇದು ಹುಟ್ಟಿದ್ದೇ ಯುದ್ಧಕ್ಕೆ ಕಣ್ರೋ. ವಿಯೆಟ್ನಾಂನಲ್ಲಿ ಅಮೆರಿಕದೋರ ಹೆಲಿಕಾಪ್ಟರ್ ರೆಕ್ಕೆ ಮರಳು ಬಡಿದೂ ಬಡಿದೂ ಸವೀತಿತ್ತು. 3ಎಂ ಕಂಪನಿಯೋರು ಪಾಲಿಯುರೆಥೇನ್ ಟೇಪು ಮಾಡಿ ಅಂಟಿಸಿಕೊಟ್ರು."

"ನಿನ್ನ ಕಾರು ಹೋಗೋದು ಬನಶಂಕರಿ ತನಕ," ಅಂದ ಮಂಜ. ಒಂದು ಕ್ಷಣ ಯೋಚಿಸಿ, "ಆ ರಸ್ತೆಗೆ ಹೆಲಿಕಾಪ್ಟರೇ ವಾಸಿ ಬಿಡು," ಅಂತ ಅವನೇ ತಿದ್ದಿಕೊಂಡ.

ಬಣ್ಣದ ಮೇಲೆ ದ್ರವದಂತೆ ಹಚ್ಚುವ ಸಿರಾಮಿಕ್ ಕೋಟಿಂಗ್ ಅರ್ಧಕ್ಕಿಂತ ಅಗ್ಗ, ಅದು ಸಾಲದೇ ಅಂತ ನಾನು ಬಾಯಿ ಹಾಕಿದೆ. ಮಂಜ ಒಂದೇ ಮಾತಿನಲ್ಲಿ ಮುಗಿಸಿದ: "ಮೈಗೆ ಕೊಬ್ಬರಿ ಎಣ್ಣೆ ಹಚ್ಕೊಂಡು ಮಳೇಲಿ ನಿಂತಂಗೆ. ನೀರು ಜಾರತ್ತೆ, ಹೊಳಪು ಬರತ್ತೆ. ಕಲ್ಲು ಬಂದ್ರೆ ಕಲ್ಲೇ."

ಆಮೇಲೆ ನಡೆದದ್ದು ದರ್ಶಿನಿಯ ಇತಿಹಾಸದಲ್ಲಿ ಬರೆದಿಡುವಂಥದ್ದು. ಸೀನ ಜೇಬಿನಿಂದ ಎರಡು ಕಪ್ಪು ತಗಡಿನ ತುಂಡು ತೆಗೆದ. ಎರಡು ಅಂಗಡಿಯವರು ಕೊಟ್ಟ ಸ್ಯಾಂಪಲ್ಲು, ಮೇಲೆ ಫಿಲ್ಮು ಅಂಟಿಸಿದ್ದು. ಇಬ್ಬರೂ ಟಿಪಿಯು ಅಂತ ಆಣೆ ಇಟ್ಟಿದ್ದರಂತೆ. ಟಿಪಿಯು ಅಂದರೆ ಒಂದು ಜಾತಿಯ ಪಾಲಿಯುರೆಥೇನ್. ಅದಕ್ಕೆ ಮೇಲೊಂದು ಕೋಟು ಇರುತ್ತದೆ, ಸಣ್ಣ ಗೀರು ಬಿದ್ದರೆ ಬಿಸಿಗೆ ತಾನೇ ಕೂಡಿಕೊಳ್ಳುತ್ತದೆ ಎನ್ನುವುದು ಅದರ ಮಹಿಮೆ.

ಮಂಜ ಸ್ಕೂಟರ್ ಬೀಗದ ಕೈಯಿಂದ ಎರಡರ ಮೇಲೂ ಹಗುರವಾಗಿ ಗೀರಿದ. ಆಮೇಲೆ ಸೀದಾ ಹೋಗಿ, ಚಮಚ ಹಾಕಿಟ್ಟಿರುತ್ತಾರಲ್ಲ, ಆ ಹಬೆಯಾಡುವ ಬಿಸಿನೀರಿನ ಪಾತ್ರೆಗೆ ಎರಡನ್ನೂ ಇಳಿಬಿಟ್ಟ. ಕ್ಯಾಷಿಯರು "ಏನ್ರೀ ಅದು!" ಅಂದ. "ಟೆಸ್ಟಿಂಗು," ಅಂದರು ಮೇಷ್ಟ್ರು, ಇನ್‌ಸ್ಪೆಕ್ಟರ್ ಗತ್ತಿನಲ್ಲಿ. ಕ್ಯಾಷಿಯರು ಸುಮ್ಮನಾದ.

ಹೊರಗೆ ತೆಗೆದಾಗ ಒಂದು ತುಂಡಿನ ಗೀರು ಮಾಯ. ಬೆರಳಾಡಿಸಿದರೂ ಸಿಗಲಿಲ್ಲ. ಇನ್ನೊಂದರ ಗೀರು ಹಾಗೇ ಇತ್ತು. ಮಂಜ ಅದರ ಅಂಚನ್ನು ಉಗುರಿನಲ್ಲಿ ಎಬ್ಬಿಸಿ ಎಳೆದ. ಫಿಲ್ಮು ಉದ್ದವಾಯಿತು, ಹಿಂದಕ್ಕೆ ಬರಲೇ ಇಲ್ಲ. "ಇದು ಪಿವಿಸಿ ಇರ್ಬೇಕು. ಬಿಸಿಲಿಗೆ ಹಳದಿ ತಿರುಗಿ, ಆಮೇಲೆ ಗರಿಗರಿ ಆಗತ್ತೆ. ಕೀಳೋಕೆ ಹೋದ್ರೆ ಚೂರು ಚೂರಾಗಿ ಬರತ್ತೆ, ಗೋಂದು ಕಾರಿಗೇ ಉಳಿಯತ್ತೆ. 55 ಸಾವಿರದೋನು ಕೊಟ್ಟಿದ್ದಾ?"

"ಅಲ್ಲ, ಲಕ್ಷದ ಇಪ್ಪತ್ತೈದು," ಅಂದ ಸೀನ, ಸಣ್ಣ ದನಿಯಲ್ಲಿ.

ಮೇಷ್ಟ್ರಿಗೆ ವಿಜ್ಞಾನದ ಹುಮ್ಮಸ್ಸು ಬಂದುಬಿಟ್ಟಿತ್ತು. ಒಳ್ಳೆಯ ತುಂಡನ್ನು ತೆಗೆದುಕೊಂಡು ಫೋರ್ಕಿನಿಂದ ಬಲವಾಗಿ ಚುಚ್ಚಿ ಎಳೆದು ಮತ್ತೆ ಬಿಸಿನೀರಿಗೆ ಹಾಕಿದರು. ಗಾಯ ಹಾಗೇ ಇತ್ತು. "ಇದ್ಯಾಕೆ ವಾಸಿಯಾಗ್ಲಿಲ್ಲ?" "ಸಾರ್, ನೀವು ಗೀರಿಲ್ಲ, ಆಪರೇಷನ್ ಮಾಡಿದೀರಿ," ಅಂದ ಮಂಜ. ಮೇಲಿನ ಕೋಟು ದಾಟಿ ಕೆಳಕ್ಕೆ ಹೋದ ಗಾಯ ಯಾವ ಬಿಸಿಗೂ ಕೂಡುವುದಿಲ್ಲ.

ಆ ಸಂಜೆ ಮಂಜನನ್ನು ಮುಂದಿಟ್ಟುಕೊಂಡು ಅಂಗಡಿ ನೋಡಲು ಹೊರಟೆವು. ಅವನ ವಾದ ಇಷ್ಟೇ: ಫಿಲ್ಮಿನ ಹೆಸರು ಎಕ್ಸ್‌ಪೆಲ್ ಇರಲಿ, 3ಎಂ ಇರಲಿ, ನಮ್ಮದೇ ಮಹಾರಾಷ್ಟ್ರದ ಕಡೆಯ ಗಾರ್ವೇರ್ ಇರಲಿ, ಒಳ್ಳೆಯ ಸೀರೆ ತಂದು ಕೆಟ್ಟ ಟೈಲರಿಗೆ ಕೊಟ್ಟರೆ ಕುಪ್ಪಸದ ಗತಿ ಏನು?

ಮೊದಲ ಅಂಗಡಿಯಲ್ಲಿ ಕೆಲಸ ನಡೆಯುತ್ತಿದ್ದದ್ದು ಹೊಂಗೆಮರದ ಕೆಳಗೆ. ಹುಡುಗ ಕಾರಿಗೆ ಶ್ಯಾಂಪೂ ನೀರು ಚಿಮುಕಿಸಿ ಫಿಲ್ಮು ಹಾಸುವ ಹೊತ್ತಿಗೆ ಮೇಲಿನಿಂದ ಎಲೆ, ಕಸ ಉದುರುತ್ತಿತ್ತು. "ನೀರಿನ ಗುಳ್ಳೆ ಎರಡು ಮೂರು ವಾರದಲ್ಲಿ ಆರಿ ಹೋಗತ್ತೆ. ಧೂಳು ಒಳಗೆ ಸೇರಿದ್ರೆ ಅದು ಸಂಸಾರ ಹೂಡತ್ತೆ," ಅಂದ ಮಂಜ. ನಾವು ಕಾರಿನಿಂದ ಇಳಿಯಲೂ ಇಲ್ಲ.

ಎರಡನೆಯವನು ಇಡೀ ಕಾರು ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂದ. ಮಂಜ ಹೊರಗೆ ಬಂದು, "ಮೂರು ನಾಲ್ಕು ದಿನದ ಕೆಲಸ ಅದು. ಒಂದು ದಿನದಲ್ಲಿ ಮುಗಿಯೋದು ತಿಥಿ ಮಾತ್ರ," ಅಂದ.

ಮೂರನೆಯ ಅಂಗಡಿ ಶಟರ್ ಎಳೆದು, ನೆಲ ಒದ್ದೆ ಮಾಡಿಟ್ಟುಕೊಂಡಿತ್ತು. ಮಾಲೀಕನಿಗೆ ಮಾತು ಕಮ್ಮಿ. ಮಂಜ ಹೊಸ ಕೆಲಸ ನೋಡಲೇ ಇಲ್ಲ. "ಎರಡು ವರ್ಷದ ಹಿಂದೆ ಅಂಟಿಸಿದ ಕಾರು ತೋರಿಸಿ," ಅಂದ. ಸರ್ವೀಸಿಗೆ ಬಂದಿದ್ದ ಒಂದು ಬಿಳಿ ಕಾರಿನ ಬಾನೆಟ್ ಎತ್ತಿ, ಫಿಲ್ಮಿನ ಅಂಚು ಒಳಕ್ಕೆ ಮಡಚಿದ್ದಾರೋ, ಹೊರಗೇ ಕತ್ತರಿಸಿ ಬಿಟ್ಟು ಕಪ್ಪು ಗೆರೆಯಂತೆ ಮಣ್ಣು ಕೂತಿದೆಯೋ ಅಂತ ಬೆರಳಿಟ್ಟು ನೋಡಿದ. ಬಂಪರಿನ ಮೂಲೆಯಲ್ಲಿ ಕೂತು, ಅತಿಯಾಗಿ ಎಳೆದ ಕಡೆ ಬೆಳ್ಳಗೆ ಗೆರೆ ಬಿದ್ದಿದೆಯೋ ನೋಡಿದ. ಪ್ಲಾಟರಿನಲ್ಲಿ, ಅಂದರೆ ಅಳತೆಗೆ ಕತ್ತರಿಸುವ ಮೆಷಿನ್ನಿನಲ್ಲಿ, ಮೊದಲೇ ಕತ್ತರಿಸುತ್ತೀರೋ, ಕಾರಿನ ಮೇಲೆ ಬ್ಲೇಡು ಆಡಿಸುತ್ತೀರೋ ಅಂತ ಕೇಳಿದ. "ಹೆಚ್ಚಿನದು ಪ್ಲಾಟರು. ಮಡಚೋ ಕಡೆ ಕೈ," ಅಂದ ಮಾಲೀಕ. ಮಂಜ ತಲೆಯಾಡಿಸಿದ. ಇವನು ತನಗೆ ಗಿರಾಕಿ ಕಳಿಸುವವನಲ್ಲ ಅಂತ ಸ್ವಲ್ಪ ಬೇಜಾರೂ ಆದಂತಿತ್ತು.

ವಾರಂಟಿ ಕಾರ್ಡು ಓದಿದ್ದು ಮೇಷ್ಟ್ರು. ಹಳದಿಯಾದರೆ, ಬಿರುಕು ಬಿಟ್ಟರೆ, ಎದ್ದು ಬಂದರೆ ಏಳು ವರ್ಷ ಕಂಪನಿಯ ಜವಾಬ್ದಾರಿ. ಕಲ್ಲು ಹೊಡೆದು ಹರಿದರೆ ಇಲ್ಲ. "ಕಲ್ಲಿಗೇ ಅಂತ ಹಾಕಿಸೋದು, ಕಲ್ಲಿಗೇ ವಾರಂಟಿ ಇಲ್ಲ. ಛತ್ರಿ ಕೊಟ್ಟು ಮಳೇಲಿ ಬಿಚ್ಬೇಡಿ ಅಂದಂಗೆ." ಆದರೂ ಡಬ್ಬದ ಮೇಲಿನ ರೋಲ್ ನಂಬರು ಕಾರ್ಡಿನಲ್ಲೂ ಅದೇ ಇರಬೇಕು ಅಂತ ಬರೆಸಿಕೊಂಡರು. ಕಲ್ಲು ಬಡಿಯುವುದು ಮುಂದೆ, ಉಗುರು ತಾಗುವುದು ಹ್ಯಾಂಡಲ್ ಹಿಂದಿನ ಬಟ್ಟಲಿಗೆ. ಅಷ್ಟಕ್ಕೇ ಸಾಕು ಅಂತ ತೀರ್ಮಾನವಾಗಿ 48 ಸಾವಿರಕ್ಕೆ ಒಪ್ಪಂದವಾಯಿತು.

ಡೆಲಿವರಿ ಆಯುಧಪೂಜೆಯ ದಿನ. ಶೋರೂಮಿನವರು ಅದೇ ಮಣ್ಣುಬಟ್ಟೆಯಲ್ಲಿ ಉಜ್ಜಿ ಪಾಲಿಶ್ ಮಾಡಿಬಿಡುತ್ತಾರೆ, ಬಿಡಬೇಡ ಅಂತ ಮಂಜ ಎಚ್ಚರಿಸಿದ್ದ. ಸೀನ ಗಾಜಿಗೆ ಚೀಟಿ ಅಂಟಿಸಿಬಂದ: "ದಯವಿಟ್ಟು ತೊಳೆಯಬೇಡಿ, ಒರೆಸಬೇಡಿ, ಮುಟ್ಟಬೇಡಿ." ಶೋರೂಮಿನ ಹುಡುಗಿ "ಮಡಿ ಗಾಡಿನಾ ಸಾರ್?" ಅಂದಳಂತೆ.

ಹೀಗಾಗಿ ಕಾರು ಮನೆಗೆ ಬಂದದ್ದು ಗೋಡೌನಿನ ಧೂಳಿನ ಸಮೇತ. ಅವನ ತಾಯಿ ಆರತಿ ತಟ್ಟೆ ಹಿಡಿದವರು ಹಾಗೇ ನಿಂತರು. "ಹದಿನೆಂಟು ಲಕ್ಷ ಕೊಟ್ಟೋನು ಒಂದು ಬಕೆಟ್ ನೀರು ಹಾಕಿಸಿಕೊಂಡು ಬರಬಾರದಾ? ಬಣ್ಣ ಬೇರೆ ಕಪ್ಪು!" ಸೀನ ಅರಿಸಿನ ಬೇಡ, ಕಲೆ ಹಿಡಿಯುತ್ತೆ, ಕುಂಕುಮ ಗಾಜಿಗೆ ಇಡಿ ಅಂತೆಲ್ಲ ಸಂಧಾನ ಮಾಡಿದ. ಅವರು ಸೆರಗಿನಲ್ಲಿ ಬಾನೆಟ್ಟಿನ ಧೂಳು ಒರೆಸಿ, ಬಗ್ಗಿ, ನಿಧಾನವಾಗಿ ದೊಡ್ಡದಾಗಿ "ಶ್ರೀ" ಬರೆದರು. ನಾವೆಲ್ಲ ಕೈಮುಗಿದೆವು. ಸೀನ ಕಣ್ಣು ಮುಚ್ಚಿಕೊಂಡಿದ್ದ. ಭಕ್ತಿಗೋ ಭಯಕ್ಕೋ ಗೊತ್ತಾಗಲಿಲ್ಲ.

ಎರಡು ದಿನ ಬಿಟ್ಟು ಅಂಗಡಿಯಿಂದ ಸೀನನ ಫೋನು. "ಗುರೂ, ಕಾರು ತೊಳೆದು ಲೈಟ್ ಬಿಟ್ರೆ, ಬಾನೆಟ್ ಮೇಲೆ ಸಣ್ಣ ಸಣ್ಣ ಕಮಾನು. ಎಂಟಿವೆ. ಎಲ್ಲಾ ಒಂದೇ ಅಳತೆ."

ನನಗೆ ಕೂಡಲೇ ಹೊಳೆಯಿತು. ಅಮ್ಮನ ಕೈಯಲ್ಲಿದ್ದ ಬಳೆ. "ಶ್ರೀ"ಗೆ ಎಷ್ಟು ಸುತ್ತು, ಅಷ್ಟು ಗೀರು.

ಪಾಲಿಶ್ ಮಾಡಿ ತೆಗೆಯಬಹುದು, ಎರಡು ಸಾವಿರ. ಹಾಗೇ ಅಂಟಿಸಿದರೆ ಫಿಲ್ಮಿನ ಕೆಳಗೇ ಉಳಿಯುತ್ತದೆ, ಬೇಗ ಹೇಳಿ ಅಂದನಂತೆ ಮಾಲೀಕ. ಸೀನ ತಾಯಿಗೂ ಲೈನು ಸೇರಿಸಿದ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಎರಡು ಸಾವಿರ ಕೊಟ್ಟು ತಾಯಿ ಕೈಗುರುತು ಅಳಿಸ್ತೀಯೇನೋ?"

ಗೀರುಗಳ ಮೇಲೇ ಫಿಲ್ಮು ಕೂತಿತು. ಏಳು ವರ್ಷ ವಾರಂಟಿಯ ಕೆಳಗೆ ಎಂಟೂ ಭದ್ರ.

ದೀಪಾವಳಿಗೆ ಅವರ ಮನೆಗೆ ಹೋಗಿದ್ದೆವು. ಅಮ್ಮ ಈಗ ಧೈರ್ಯವಾಗಿ ಬಾನೆಟ್ಟಿನ ಮೇಲೆ ಪೂರ್ತಿ ಬಗ್ಗಿ, ಬಳೆ ಗಲಗಲ ಅನ್ನಿಸುತ್ತ, ಮೊದಲಿಗಿಂತ ದೊಡ್ಡದಾಗಿ "ಶ್ರೀ" ಬರೆಯುತ್ತಿದ್ದರು. ಹಿಂದೆ ಸೀನ ಚೊಂಬಿನಲ್ಲಿ ಬಿಸಿನೀರು ಹಿಡಿದುಕೊಂಡು, ಪೂಜೆ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತ ನಿಂತಿದ್ದ.