ಅಪ್‌ಡೇಟ್: ಸ್ಟೇಜ್ ರೇಸ್ ಮುಗಿಸಿ ಬಂದೆ

ಗೊತ್ತಿಲ್ಲದ ದೇಶದಲ್ಲಿ ಮೊದಲ ಸಲ ಐದು ದಿನದ ಸೈಕಲ್ ಸ್ಟೇಜ್ ರೇಸ್ (ದಿನಕ್ಕೊಂದು ಸ್ಟೇಜ್, ಎಲ್ಲದರ ಸಮಯ ಕೂಡಿಸಿ ಲೆಕ್ಕ), ಏನೇನು ತಯಾರಿ ಬೇಕು ಅಂತ ಕೇಳಿದ್ದೆನಲ್ಲ, ಮುಗೀತು. ಪಟ್ಟಿಯಲ್ಲಿ ನನ್ನ ಹೆಸರು ಕೆಳಗಿನಿಂದ ಹುಡುಕಿದರೆ ಬೇಗ ಸಿಗತ್ತೆ. ಆದರೂ ಐದೂ ದಿನ ಟೈಮ್ ಕಟ್ (ಮೀರಿದರೆ ರೇಸಿನಿಂದ ಹೊರಗೆ ಅನ್ನೋ ಗಡುವು) ಒಳಗೇ ಬಂದೆ!

ನನ್ನನ್ನು ಕಾಪಾಡಿದ್ದು "ಒಂದು ಡಿರೇಲರ್ ಹ್ಯಾಂಗರ್ ಜಾಸ್ತಿ ಇಟ್ಕೊಳ್ಳಿ" ಅಂದವರ ಮಾತು. ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಜೋಡಿಸುವ ಚಿಕ್ಕ ಲೋಹದ ತುಂಡು ಅದು. ವಿಮಾನದಿಂದ ಇಳಿದ ಪೆಟ್ಟಿಗೆ ಬಿಚ್ಚಿದರೆ ಹ್ಯಾಂಗರ್ ಸೊಟ್ಟಗಾಗಿತ್ತು. ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ್ದು ಅದು. ಅಲ್ಲಿ ಹೋಗಿ ಹುಡುಕುತ್ತಾ ಕೂತಿದ್ದರೆ ರೇಸೇ ಮುಗಿದುಹೋಗ್ತಿತ್ತು.

ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನಿ ಅಂದಿದ್ದೂ ಸರಿ. ಎರಡನೇ ದಿನ ಹಸಿವಿಲ್ಲ ಅಂತ ಸುಮ್ಮನಿದ್ದೆ. ಮೂರನೇ ದಿನದ ಏರಿನಲ್ಲಿ ಕಾಲು ನನ್ನದೇ ಅಲ್ಲ ಅನ್ನಿಸಿತು.

ಎರಡು ದಿನ ಮುಂಚೆ ಹೋದರೆ ಸಾಕು ಅನ್ನೋ ಸಲಹೆ ಮಾತ್ರ ಕೈಕೊಟ್ಟಿತು. ಬಿಸಿಲಿಗೆ ಮೈ ಪೂರ್ತಿ ಒಗ್ಗೋಕೆ 10ರಿಂದ 14 ದಿನ ಬೇಕಂತೆ, ಆಮೇಲೆ ತಿಳೀತು. ಗಾಳಿ ತುಂಬುವ ಗ್ಯಾಸ್ ಕಾರ್ಟ್ರಿಜ್‌ಗಳನ್ನು ವಿಮಾನ ನಿಲ್ದಾಣದಲ್ಲೇ ತೆಗೆಸಿದರು, ಕೈಪಂಪೇ ಗತಿ.

ಒಂದು ವಿಷಯ ಯಾರೂ ಹೇಳಿರಲಿಲ್ಲ. ಸಮತಟ್ಟು ಸ್ಟೇಜಿನ ಕೊನೆಯ 3 ಕಿಲೋಮೀಟರಿನೊಳಗೆ ಬಿದ್ದರೆ ಅಥವಾ ಪಂಕ್ಚರ್ ಆದರೆ, ಆಗ ಯಾವ ಗುಂಪಿನಲ್ಲಿದ್ದೆವೋ ಅದರ ಸಮಯವನ್ನೇ ಕೊಡುತ್ತಾರೆ. ನಾನು ಪಂಕ್ಚರ್ ಆದ ಚಕ್ರದಲ್ಲೇ ಜೀವ ತೇಯ್ದುಕೊಂಡು ತುಳಿದು ಬಂದಿದ್ದೆ, ಪಕ್ಕದವನು ಕೈಸನ್ನೆಯಲ್ಲಿ ವಿವರಿಸಿ ನಕ್ಕ. ನಿಯಮದ ಪುಸ್ತಕ ಬ್ಯಾಗಿನಲ್ಲೇ ಇತ್ತು, ಓದಿರಲಿಲ್ಲ ಅಷ್ಟೇ.