ಲಿನಕ್ಸ್‌ನ್ಯಾಗ ಕುಂತು ವಿಂಡೋಸ್‌ಗೆ ಎಫ್‌ಎಲ್‌ಟಿಕೆ ಕಟ್ಟೋದು: ಗೊತ್ತಿದ್ದವರು ಹೇಳ್ರಿ

ಮುಧೋಳದಿಂದ ಪ್ರಶ್ನೆ

ಕಬ್ಬಿನ ಗಾಡಿ ತೂಗೋ ಕಾಟಾಕ್ಕ ಸಿ++ ಪ್ರೋಗ್ರಾಮ್ ಐತ್ರಿ, ಪರದೆ ಎಲ್ಲಾ ಎಫ್‌ಎಲ್‌ಟಿಕೆ 1.4 (ಕಿಟಕಿ, ಗುಂಡಿ ಮಾಡೋ ಸಿ++ ಲೈಬ್ರರಿ). ಉಬುಂಟು 22.04 ಮ್ಯಾಲ ಚಲೋ ನಡೀತೈತಿ. ಕಾಟಾದ ಕಂಪ್ಯೂಟರ್ ವಿಂಡೋಸ್ 10, 64 ಬಿಟ್. ಇಲ್ಲಿಂದನ ಇಎಕ್ಸ್‌ಇ ತೆಗೀಬೇಕು. ಲಿನಕ್ಸ್‌ನ್ಯಾಗ ವಿಂಡೋಸ್ ಪ್ರೋಗ್ರಾಮ್ ಕಟ್ಟೋ ಕಂಪೈಲರ್ ಮಿಂಗ್‌ಡಬ್ಲ್ಯೂ ಹಾಕೀನಿ, ಆದ್ರ ಫ್ಲೂಯಿಡ್ ಓಡೋ ಹಂತದಾಗ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಬಂದು ನಿಲ್ಲತೈತಿ. ಕನ್ನಡ ಅಕ್ಷರ ಸರಿ ಮೂಡ್ತಾವೋ ಇಲ್ಲೋ ಅನ್ನೋದೂ ಬೇಕಿತ್ತು.

ಬೆಳಗಾವಿಯಿಂದ

ಫ್ಲೂಯಿಡ್ ಅನ್ನೋದು .ಎಫ್‌ಎಲ್ ಫೈಲಿನಿಂದ ಸಿ++ ಕೋಡ್ ತೆಗೆಯೋ ಸಾಧನ. ನೀವು ವಿಂಡೋಸ್‌ಗೆ ಕಟ್ಟಿದ್ರಿ ಅಂದ್ರ ಅದೂ ವಿಂಡೋಸ್‌ದ ಆತು, ಲಿನಕ್ಸ್ ಅದನ್ನ ಓಡಿಸೂದಿಲ್ಲ. ಅದಕ್ಕ ಮೊದಲು ಅದೇ 1.4 ಮೂಲವನ್ನ ಬ್ಯಾರೆ ಫೋಲ್ಡರಿನ್ಯಾಗ ಲಿನಕ್ಸ್‌ಗಂತ ಕಟ್ರಿ. ಆ ಫ್ಲೂಯಿಡ್‌ನಿಂದ "ಫ್ಲೂಯಿಡ್ -ಸಿ ಕಾಟಾ.ಎಫ್‌ಎಲ್" ಓಡಿಸಿದ್ರ ಕಿಟಕಿ ತೆರೀದನ .ಸಿಎಕ್ಸ್‌ಎಕ್ಸ್ ಮತ್ತ .ಎಚ್ ಎರಡೂ ಸಿಗ್ತಾವು. ಇವನ್ನ ಪ್ರೋಗ್ರಾಮಿಗೆ ಕೂಡಿಸ್ರಿ. ವಿಂಡೋಸ್ ಕಟ್ಟಡದಾಗ ಎಫ್‌ಎಲ್‌ಟಿಕೆ_ಬಿಲ್ಡ್_ಫ್ಲೂಯಿಡ್, ಎಫ್‌ಎಲ್‌ಟಿಕೆ_ಬಿಲ್ಡ್_ಟೆಸ್ಟ್ ಎರಡನ್ನೂ ಆಫ್ ಇಡ್ರಿ.

ಆಮೇಲೆ ಟೂಲ್‌ಚೈನ್ ಫೈಲ್, ಅಂದ್ರ ಕಟ್ಟೋ ಸಾಧನ ಸಿಮೇಕ್‌ಗೆ ಯಾವ ಕಂಪೈಲರ್ ಬಳಸಬೇಕು ಅಂತ ಹೇಳೋ ಫೈಲ್. ಅದರಾಗ ಸಿಮೇಕ್_ಸಿಸ್ಟಮ್_ನೇಮ್ ವಿಂಡೋಸ್ ಅಂತ ಇರಬೇಕು. ಸಿ ಕಂಪೈಲರ್, ಸಿ++ ಕಂಪೈಲರ್, ಆರ್‌ಸಿ ಕಂಪೈಲರ್ ಮೂರಕ್ಕೂ ಎಕ್ಸ್86_64-ಡಬ್ಲ್ಯೂ64-ಮಿಂಗ್‌ಡಬ್ಲ್ಯೂ32 ಅಂತ ಶುರು ಆಗೋ ಹೆಸರು ಕೊಡ್ರಿ, ಮೂರನೇದು ವಿಂಡ್‌ರೆಸ್. ಫೈಂಡ್_ರೂಟ್_ಪಾತ್ ಅನ್ನೋದು /ಯುಎಸ್‌ಆರ್/ಎಕ್ಸ್86_64-ಡಬ್ಲ್ಯೂ64-ಮಿಂಗ್‌ಡಬ್ಲ್ಯೂ32. ಹುಡುಕೋ ಮೋಡ್ ಪ್ರೋಗ್ರಾಮಿಗೆ ನೆವರ್, ಲೈಬ್ರರಿಗೆ ಮತ್ತ ಇನ್‌ಕ್ಲೂಡಿಗೆ ಓನ್ಲಿ. ಈ ಕಡೀ ಸಾಲು ಬಿಟ್ರ ಸಿಮೇಕ್ ಹೋಗಿ ಲಿನಕ್ಸ್‌ದ ಪಿಎನ್‌ಜಿ, ಝಡ್‌ಲಿಬ್ ಹಿಡ್ಕೊಂಡು ಬರ್ತೈತಿ, ಲಿಂಕ್ ಮಾಡೂ ಮುಂದ ಗೊತ್ತಾಗ್ತೈತಿ. ಇದಕ್ಕ ಎಫ್‌ಎಲ್‌ಟಿಕೆ ತನ್ನ ಜೋಡಿನ ತರೋ ಪಿಎನ್‌ಜಿ, ಜೆಪೆಗ್, ಝಡ್‌ಲಿಬ್‌ನ ಬಳಸ್ರಿ: ಎಫ್‌ಎಲ್‌ಟಿಕೆ_ಯೂಸ್_ಸಿಸ್ಟಮ್ ಅಂತ ಶುರು ಆಗೋ ಆ ಮೂರೂ ಆಫ್.

ಟೂಲ್‌ಚೈನ್ ಫೈಲಿನ್ಯಾಗ ಏನರ ಬದಲು ಮಾಡಿದ್ರ ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸ್ರಿ. ಕಂಪೈಲರ್ ಹೆಸರು ಕ್ಯಾಶ್‌ನ್ಯಾಗ ಕುಂತಿರ್ತೈತಿ, ಹೊಸಾದು ತಗೊಳ್ಳೂದಿಲ್ಲ. ಅರ್ಧ ದಿನ ಹಾಳಾಗೋದು ಇಲ್ಲೇ.

ಬಾಗಲಕೋಟೆಯಿಂದ

ಕಟ್ಟಿದ ಇಎಕ್ಸ್‌ಇ ಕಾಟಾದ ಮಷಿನ್‌ನ್ಯಾಗ "ಲಿಬ್‌ಎಸ್‌ಟಿಡಿಸಿ++-6.ಡಿಎಲ್‌ಎಲ್ ಸಿಗಲಿಲ್ಲ" ಅಂತದ. ಅದರ ಹಿಂದನ ಲಿಬ್‌ಜಿಸಿಸಿ_ಎಸ್_ಎಸ್‌ಇಎಚ್-1, ಲಿಬ್‌ವಿನ್‌ಪಿಥ್ರೆಡ್-1 ಕೇಳ್ತದ. -ಸ್ಟ್ಯಾಟಿಕ್-ಲಿಬ್‌ಜಿಸಿಸಿ, -ಸ್ಟ್ಯಾಟಿಕ್-ಲಿಬ್‌ಎಸ್‌ಟಿಡಿಸಿ++ ಹಾಕಿದ್ರೂ ವಿನ್‌ಪಿಥ್ರೆಡ್ ಹಂಗ ಉಳೀಬಹುದು. ಲಿಂಕರ್‌ಗೆ ಬರೀ -ಸ್ಟ್ಯಾಟಿಕ್ ಕೊಡ್ರಿ, ಮೂರೂ ಇಎಕ್ಸ್‌ಇ ಒಳಗ ಕೂಡ್ತಾವು. ಎಫ್‌ಎಲ್‌ಟಿಕೆ ಲೈಸೆನ್ಸ್‌ನ್ಯಾಗ ಸ್ಟ್ಯಾಟಿಕ್ ಲಿಂಕಿಗೆ ವಿನಾಯಿತಿ ಅದ, ಚಿಂತಿ ಇಲ್ಲ.

ಒಯ್ಯೋಕಿಂತ ಮೊದಲು ಮಿಂಗ್‌ಡಬ್ಲ್ಯೂದ ಆಬ್‌ಜ್‌ಡಂಪ್‌ಗೆ -ಪಿ ಹಚ್ಚಿ "ಡಿಎಲ್‌ಎಲ್ ನೇಮ್" ಸಾಲು ನೋಡ್ರಿ. ಕರ್ನೆಲ್32, ಯೂಸರ್32, ಜಿಡಿಐ32, ಜಿಡಿಐಪ್ಲಸ್ ಇಂಥಾ ವಿಂಡೋಸ್‌ದವ ಇದ್ರ ಸಾಕು. "ಲಿಬ್" ಅಂತ ಶುರು ಆಗೋದು ಒಂದೂ ಇರಬಾರದು.

ಸಿಮೇಕ್ ಬಿಟ್ಟು ಕೈಯಾರೆ ಲಿಂಕ್ ಮಾಡೋರು ಎಫ್‌ಎಲ್‌ಟಿಕೆ ಮೊದಲು, ಅದರ ಹಿಂದ ಜಿಡಿಐಪ್ಲಸ್, ಓಎಲ್‌ಇ32, ಯುಯುಐಡಿ, ಕಾಮ್‌ಸಿಟಿಎಲ್32, ಡಬ್ಲ್ಯೂಎಸ್2_32, ವಿನ್‌ಸ್ಪೂಲ್ ಬರೀರಿ. ಲಿಂಕರ್ ಎಡದಿಂದ ಬಲಕ್ಕ ಓದ್ತದ, ಬೇಕಾದವರು ಮುಂದ, ಕೊಡೋರು ಹಿಂದ.

ಮುಧೋಳ

ಫ್ಲೂಯಿಡ್ ತೊಂದ್ರಿ ಹೋತು. ಈಗ ಎಸ್‌ಟಿಡಿ::ಮ್ಯೂಟೆಕ್ಸ್ ಇಲ್ಲ ಅಂತೈತಿ. ಲಿನಕ್ಸ್‌ನ್ಯಾಗ ಐತಲ್ರಿ?

ಬೆಳಗಾವಿಯಿಂದ

22.04ದಾಗ ಕಂಪೈಲರ್ ಎರಡು ನಮೂನಿ ಬರ್ತಾವು, ಹೆಸರಿನ ಕಡೀಕ -ವಿನ್32 ಇಲ್ಲಾ -ಪೋಸಿಕ್ಸ್. ವಿನ್32ದಾಗ ಜಿಸಿಸಿ 13ರ ಮೊದಲು ಸಿ++11 ಥ್ರೆಡ್ ಇರಲಿಲ್ಲ, ಮ್ಯೂಟೆಕ್ಸ್ ಅದರದ ಭಾಗ. ಟೂಲ್‌ಚೈನ್ ಫೈಲಿನ್ಯಾಗ ಜಿಸಿಸಿ, ಜಿ++ ಎರಡಕ್ಕೂ -ಪೋಸಿಕ್ಸ್ ಇರೋ ಪೂರ್ತಿ ಹೆಸರು ಬರೀರಿ. ಎಫ್‌ಎಲ್‌ಟಿಕೆನೂ ಅದರಿಂದನ ಮತ್ತೊಮ್ಮೆ ಕಟ್ರಿ, ಎರಡು ನಮೂನಿ ಕಲಸಬ್ಯಾಡ್ರಿ.

ವಿಜಯಪುರದಿಂದ

ಕನ್ನಡದ ಮಾತಿಗೆ ಬರ್ತೀನಿ. ವಿಂಡೋಸ್‌ನ್ಯಾಗ ಒತ್ತಕ್ಷರ ಜೋಡಿಸೋ ಕೆಲಸ ವಿಂಡೋಸ್‌ನ ಮಾಡ್ತದ. ಲಿನಕ್ಸ್‌ನ್ಯಾಗ ಆದ್ರ ಅಕ್ಷರ ಜೋಡಿಸೋ ಲೈಬ್ರರಿ ಪ್ಯಾಂಗೊ ಆನ್ ಇರಬೇಕು, ಇಲ್ಲಾಂದ್ರ "ತೂಕದ ರಸ್ತೆ" ಅನ್ನೋದರಾಗ ಸ್ತೆ ಒಡೀಬಹುದು. ಮೂಲ ಫೈಲ್ ಯುಟಿಎಫ್-8ದಾಗ ಉಳಿಸ್ರಿ. ಫಾಂಟ್ ನಿರ್ಮಲಾ ಯುಐ ಇಡ್ರಿ. ವಿಂಡೋಸ್ 8ರಿಂದ ಅದು ಜೋಡಿನ ಬರ್ತದ. ತುಂಗಾ ಮಾತ್ರ ವಿಂಡೋಸ್ 10ದಾಗ ಐಚ್ಛಿಕ, ಅದನ್ನ ನಂಬಿ ಕೂಡಬ್ಯಾಡ್ರಿ.

ಸೆಟ್_ಫಾಂಟ್‌ಗೆ ಹೆಸರು ಕೊಡೋದರಾಗ ಒಂದು ಬಿಗಿ ಅದ. ವಿಂಡೋಸ್‌ನ್ಯಾಗ ಎಫ್‌ಎಲ್‌ಟಿಕೆ ಫಾಂಟ್ ಹೆಸರಿನ ಮೊದಲ ಅಕ್ಷರವನ್ನ ಶೈಲಿ ಅಂತ ಓದ್ತದ: ಇಂಗ್ಲಿಷಿನ ಬಿ ದಪ್ಪ, ಐ ವಾರೆ, ಪಿ ಎರಡೂ. "ಬಾಲೂ ತಮ್ಮ" ಅಂತ ಕೊಟ್ರ ಮುಂದಿನ ಬಿ ಕಿತ್ತು "ಆಲೂ ತಮ್ಮ" ಹುಡುಕ್ತದ, ಸಿಗದ ಬ್ಯಾರೆ ಫಾಂಟ್ ಬೀಳ್ತದ. ಹೆಸರಿನ ಮುಂದ ಒಂದು ಖಾಲಿ ಜಾಗ ಬಿಡ್ರಿ, ಸರಿ ಹೋಗ್ತದ.

ವೈನ್‌ನ್ಯಾಗ (ಲಿನಕ್ಸ್ ಮ್ಯಾಲ ವಿಂಡೋಸ್ ಪ್ರೋಗ್ರಾಮ್ ನಡೆಸೋ ಸಾಧನ) ಓಡಿಸಿ ನೋಡೋದು ಡಿಎಲ್‌ಎಲ್ ಪತ್ತೆಗೆ, ಗುಂಡಿ ಒತ್ತಿ ನೋಡಲಿಕ್ಕ ಚಲೋ. ಅಕ್ಷರಕ್ಕ ಅದನ್ನ ನಂಬಬ್ಯಾಡ್ರಿ, ನಿರ್ಮಲಾ ಅಲ್ಲಿರೂದಿಲ್ಲ. ಖರೇ ವಿಂಡೋಸ್ ಪರದೆ ಮ್ಯಾಲ "ಕ್ವಿಂಟಲ್", "ರಸ್ತೆ" ಎರಡು ಶಬ್ದ ಬರೆದು ನೋಡ್ರಿ.

ಬಾಗಲಕೋಟೆಯಿಂದ

ಕಾಟಾ ಅಂದ್ರಿ, ಅಂದಮ್ಯಾಲ ಇಂಡಿಕೇಟರ್‌ನಿಂದ ಸೀರಿಯಲ್ ಓದ್ತೀರಿ. ಲಿನಕ್ಸ್‌ನ್ಯಾಗ ಸೀರಿಯಲ್‌ಗೆ ಬಳಸೋ ಟರ್ಮಿಯೋಸ್.ಎಚ್ ಮಿಂಗ್‌ಡಬ್ಲ್ಯೂದಾಗ ಇಲ್ಲ. ಆ ಭಾಗಕ್ಕ ವಿಂಡೋಸ್‌ದ ಕ್ರಿಯೇಟ್‌ಫೈಲ್, ಸೆಟ್‌ಕಾಮ್‌ಸ್ಟೇಟ್ ಬಳಸಿ ಬ್ಯಾರೆ ಫೈಲ್ ಬರೀರಿ. ಯುಎಸ್‌ಬಿ ಕೇಬಲ್‌ಗೆ ಕಾಮ್10 ಇಲ್ಲಾ ಅದಕ್ಕಿಂತ ಮ್ಯಾಲಿನ ನಂಬರ್ ಬಂದ್ರ ಬರೀ ಹೆಸರಿಗೆ ತೆರಿಯೂದಿಲ್ಲ, ಹೆಸರಿನ ಮುಂದ \\.\ ಬೇಕು. ಸಿ++ ಸ್ಟ್ರಿಂಗ್‌ನ್ಯಾಗ ಒಂದೊಂದು ವಾರೆಗೆರೆ ಎರಡೆರಡು ಸಲ.