ಓಪ್ಯಾಕ್‌ನಲ್ಲಿ (ಗ್ರಂಥಾಲಯದ ಕಂಪ್ಯೂಟರ್ ಸೂಚಿಯಲ್ಲಿ) ಕನ್ನಡ ಪುಸ್ತಕ ಸಿಗುತ್ತಿಲ್ಲ, ಆದರೆ ಗ್ರಂಥಾಲಯದಲ್ಲಿ ಅದು ಇದೆ: ಹುಡುಕುವುದು ಹೇಗೆ?

ಎಂ.ಎ. ಕನ್ನಡ ವಿದ್ಯಾರ್ಥಿನಿ (ಪ್ರಶ್ನೆ)

ಬೀಸುವ ಪದಗಳ (ಬೀಸುಕಲ್ಲು ತಿರುಗಿಸುತ್ತಾ ಹಾಡುವ ಜನಪದ ಹಾಡುಗಳ) ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಹಲಸಂಗಿ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿದೆ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಅವರೇ ಹಿಂದೆ ಅದನ್ನು ಎರವಲು ಪಡೆದಿದ್ದರಂತೆ. ನಮ್ಮಲ್ಲಿರುವುದು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ. ಓಪ್ಯಾಕ್‌ನಲ್ಲಿ ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆದರೆ ಏನೂ ಬರುವುದಿಲ್ಲ. ಲೇಖಕರ ಜಾಗದಲ್ಲಿ 'ಹಲಸಂಗಿ' ಎಂದು ಹಾಕಿದರೂ ಇಲ್ಲ. 'ಜಾನಪದ' ಎಂದು ಹುಡುಕಿದರೆ ಬೆರಳೆಣಿಕೆಯ ಪುಸ್ತಕಗಳು, ಅವೂ ಈಚಿನವು. ಇನ್ನೊಂದು ಪುಸ್ತಕದ ಜೊತೆ ಹಾಡುಗಳ ಸಿ.ಡಿ. ಬಂದಿತ್ತೆಂದು ಕೇಳಿದ್ದೇನೆ, ಅದೂ ಬೇಕು. ಕೌಂಟರ್‌ನಲ್ಲಿ ಕೇಳಿದಾಗ 'ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪುಸ್ತಕ ಇಲ್ಲ' ಎಂಬ ಉತ್ತರ ಬಂತು. ಬೇರೆ ದಾರಿ ಇದೆಯೇ?

ಪದವಿ ಕಾಲೇಜಿನ ಗ್ರಂಥಪಾಲಕ

ಕಂಪ್ಯೂಟರಿನಲ್ಲಿ ಸಿಗದಿದ್ದರೆ ಪುಸ್ತಕವೇ ಇಲ್ಲ ಎನ್ನುವುದನ್ನು ದಯವಿಟ್ಟು ನಂಬಬೇಡಿ. ಕನ್ನಡ ಪುಸ್ತಕಗಳ ವಿಷಯದಲ್ಲಂತೂ ನಂಬಲೇಬೇಡಿ. ಕಾಲೇಜು ಗ್ರಂಥಾಲಯಗಳು ಗಣಕೀಕರಣಗೊಂಡಾಗ ಹಳೆಯ ಅಕ್ಸೆಷನ್ ರಿಜಿಸ್ಟರನ್ನು (ಕೊಂಡ ಪ್ರತಿಯೊಂದು ಪ್ರತಿಗೂ ಸಂಖ್ಯೆ ಕೊಟ್ಟು ಬರೆದಿಡುವ ಪುಸ್ತಕವನ್ನು) ಮುಂದಿಟ್ಟುಕೊಂಡು ಸಾವಿರಾರು ಪುಸ್ತಕಗಳನ್ನು ಅವಸರದಲ್ಲಿ ನಮೂದಿಸಲಾಯಿತು. ಎಷ್ಟೋ ಕಡೆ ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದರು. ನಿಮ್ಮ ಪುಸ್ತಕವೂ ಹಾಗೆಯೇ ಕುಳಿತಿರುವ ಸಾಧ್ಯತೆ ಹೆಚ್ಚು.

ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವಾಗ ಪೂರ್ತಿ ಶೀರ್ಷಿಕೆ ಬರೆಯಬೇಡಿ. 'ಹಾಡು' ಎಂಬುದನ್ನು ಒಬ್ಬರು ಒಂದು 'ಎ' ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಎರಡು. 'ಗರತಿಯ' ಎಂಬಲ್ಲಿ 'ಟಿ' ಆದ ಮೇಲೆ 'ಎಚ್' ಇದ್ದರೂ ಇರಬಹುದು. ಆದ್ದರಿಂದ 'ಗರತ್' ಎನ್ನುವಷ್ಟನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ. ಆ ಅಕ್ಷರಗಳಿಂದ ಶುರುವಾಗುವ ಎಲ್ಲ ಪದಗಳನ್ನೂ ಕೋಹಾ ಹುಡುಕುತ್ತದೆ.

ಲೇಖಕರ ಹೆಸರಿನಲ್ಲಿ ಸಿಗದಿರುವುದಕ್ಕೆ ಕಾರಣ ಬೇರೆ. ಸಂಗ್ರಹ ಗ್ರಂಥಗಳಿಗೆ ಸೂಚೀಕರಣದಲ್ಲಿ, ಅಂದರೆ ಗ್ರಂಥಾಲಯದ ಸೂಚಿ ತಯಾರಿಸುವಾಗ, ಶೀರ್ಷಿಕೆಯೇ ಮುಖ್ಯ ನಮೂದು. ಸಂಗ್ರಾಹಕರ ಹೆಸರು ಮಾರ್ಕ್ ದಾಖಲೆಯ (ಪುಸ್ತಕದ ವಿವರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಮಾದರಿಯ) 700ನೇ ಟ್ಯಾಗ್‌ಗೆ, ಅಂದರೆ ಆ ಸಂಖ್ಯೆಯ ಅಂಕಣಕ್ಕೆ, ಹೋಗಬೇಕು, ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಅದೇ. ಕಾವ್ಯನಾಮದ್ದೂ ಇಂಥದೇ ತೊಡಕು. ಕುವೆಂಪು ಅವರ ಕೃತಿಗಳು ಕೆಲವು ಗ್ರಂಥಾಲಯಗಳಲ್ಲಿ ಕುವೆಂಪು ಎಂದೂ ಕೆಲವು ಕಡೆ ಪುಟ್ಟಪ್ಪ ಎಂದೂ ದಾಖಲಾಗಿರುತ್ತವೆ. ಎರಡನ್ನೂ ಜೋಡಿಸುವ ಅಥಾರಿಟಿ ದಾಖಲೆ ಇಲ್ಲದಿದ್ದರೆ ಓದುಗರಿಗೆ ಅರ್ಧ ಪುಸ್ತಕಗಳು ಮಾತ್ರ ಕಾಣುತ್ತವೆ.

'ಜಾನಪದ'ದ ಜೊತೆಗೆ 'ಜನಪದ' ಎಂದೂ ಹುಡುಕಿ. ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು.

ತಂತ್ರಾಂಶ ಕ್ಷೇತ್ರದವನು

ಮೇಲಿನವರು ಹೇಳಿದ್ದರ ಜೊತೆಗೆ ಅಕ್ಷರ ಸಂಕೇತದ ಸಮಸ್ಯೆಯನ್ನೂ ಪರೀಕ್ಷಿಸಿ. ಎಲ್ಲ ಲಿಪಿಗಳಿಗೂ ಸಮಾನವಾದ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡವನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡುತ್ತಿದ್ದರು. ಅಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಉಳಿಯುವುದು ಲ್ಯಾಟಿನ್ ಸಂಕೇತಗಳು. ಆ ಫಾಂಟ್ ಇಲ್ಲದ ಕಡೆ 'ಕನ್ನಡ' ಎಂಬ ಪದ ದೊಡ್ಡಕ್ಷರದ 'ಪಿ', ತಲೆಯ ಮೇಲೆ ಗೀಟಿರುವ 'ಎ', ಪೌಂಡ್ ಚಿಹ್ನೆ ಎಂದು ಆರಂಭವಾಗುತ್ತದೆ. ಫಲಿತಾಂಶಗಳ ಪಟ್ಟಿಯಲ್ಲಿ ಇಂಥ ಸಾಲುಗಳು ಕಂಡರೆ ಅವು ಕೆಟ್ಟುಹೋದ ದಾಖಲೆಗಳಲ್ಲ. ಒಂದನ್ನು ನಕಲು ಮಾಡಿ ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಶೀರ್ಷಿಕೆ ಓದಲು ಬರುತ್ತದೆ.

ಯೂನಿಕೋಡ್ ದಾಖಲೆಗಳಲ್ಲೂ ಕಣ್ಣಿಗೆ ಕಾಣದ ದೋಷಗಳಿವೆ. ಅನುಸ್ವಾರ ಮತ್ತು ಕನ್ನಡ ಅಂಕಿ ಸೊನ್ನೆ ನೋಡಲು ಒಂದೇ. ಅನುಸ್ವಾರದ ಬದಲು ಸೊನ್ನೆ ಒತ್ತಿದ್ದರೆ 'ಗ್ರಂಥ' ಎಂದು ಹುಡುಕಿದವರಿಗೆ ಆ ಪುಸ್ತಕ ಸಿಗುವುದಿಲ್ಲ. 'ರಾಜ್‌ಕುಮಾರ್' ಎಂಬಂಥ ಪದಗಳಲ್ಲಿ ಒತ್ತಕ್ಷರವಾಗುವುದನ್ನು ತಡೆಯುವ ಅದೃಶ್ಯ ಚಿಹ್ನೆಯೊಂದಿರುತ್ತದೆ. ದಾಖಲೆಯಲ್ಲಿ ಅದಿದ್ದು ನೀವು ಬರೆದದ್ದರಲ್ಲಿ ಇಲ್ಲದಿದ್ದರೆ ಎರಡೂ ಹೊಂದದೇ ಹೋಗಬಹುದು. ಹಾಗಾಗಿ ಶೀರ್ಷಿಕೆಯಲ್ಲಿ ಅನುಸ್ವಾರವೂ ಅರ್ಧಾಕ್ಷರವೂ ಇಲ್ಲದ ಒಂದು ಪದವನ್ನು ಆರಿಸಿ ಹುಡುಕುವುದು ಒಳ್ಳೆಯದು.

ಎಂ.ಎ. ಕನ್ನಡ ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು. ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದಾಗ ಪುಸ್ತಕ ಸಿಕ್ಕಿತು, ಸಂಗ್ರಾಹಕರ ಹೆಸರು ನಿಜವಾಗಿಯೂ ನಮೂದಾಗಿಲ್ಲ. 'ಲಭ್ಯ' ಎಂದು ತೋರಿಸುತ್ತಿದೆ, ವರ್ಗ ಸಂಖ್ಯೆ 398ರಿಂದ ಆರಂಭವಾಗುತ್ತದೆ. ಆದರೆ ಆ ಕಪಾಟಿನಲ್ಲಿ ಪುಸ್ತಕ ಇಲ್ಲ. ಸುತ್ತಲಿನ ಸಾಲುಗಳನ್ನೂ ನೋಡಿದೆ.

ಪದವಿ ಕಾಲೇಜಿನ ಗ್ರಂಥಪಾಲಕ

ಸಿಕ್ಕಿತಲ್ಲ, ಬಹಳ ಸಂತೋಷ. 'ಲಭ್ಯ' ಎಂದರೆ ಯಾರ ಹೆಸರಿನಲ್ಲೂ ಎರವಲು ಹೋಗಿಲ್ಲ ಎಂದಷ್ಟೇ ಅರ್ಥ. ಬೈಂಡಿಂಗ್‌ಗೆ ಕಟ್ಟಿಟ್ಟ ರಾಶಿಯಲ್ಲಿರಬಹುದು, ಪರಾಮರ್ಶನ ವಿಭಾಗದಲ್ಲಿರಬಹುದು, ಮರಳಿ ಬಂದು ಟ್ರಾಲಿಯಲ್ಲೇ ಉಳಿದಿರಬಹುದು. ದಾಖಲೆಯಲ್ಲಿ 'ಸ್ಥಳ' ಎಂಬ ಅಂಕಣವಿದ್ದರೆ ಮೊದಲು ಅದನ್ನು ನೋಡಿ.

ಜನಪದ ಗೀತೆಗಳ ಪುಸ್ತಕಗಳು ಒಂದೇ ಕಡೆ ಇರುವುದಿಲ್ಲ ಎಂಬುದನ್ನೂ ನೆನಪಿಡಿ. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಜಾನಪದ 398ಕ್ಕೆ ಹೋಗುತ್ತದೆ, ಜನಪದ ಸಂಗೀತ 781.62ಕ್ಕೆ, ಕನ್ನಡ ಸಾಹಿತ್ಯ 894.814ಕ್ಕೆ. ಒಂದೇ ಬಗೆಯ ಹಾಡುಗಳ ಮೂರು ಸಂಕಲನಗಳು ವರ್ಗೀಕರಿಸಿದವರ ತೀರ್ಮಾನಕ್ಕೆ ತಕ್ಕಂತೆ ಮೂರು ಕಪಾಟುಗಳಲ್ಲಿ ನಿಲ್ಲುತ್ತವೆ. ನಿಮ್ಮ ವಿಷಯಕ್ಕೆ ಮೂರೂ ಕಡೆ ಕಣ್ಣಾಡಿಸಲೇಬೇಕು. ಈ ಒಂದು ಪುಸ್ತಕದ ಮಟ್ಟಿಗೆ ಅಕ್ಸೆಷನ್ ಸಂಖ್ಯೆಯನ್ನು ಬರೆದುಕೊಂಡು ಹೋಗಿ ಗ್ರಂಥಪಾಲಕರನ್ನೇ ಕಾಣಿ. ಶೀರ್ಷಿಕೆ ಹೇಳಿ ಕೇಳುವುದಕ್ಕಿಂತ ಸಂಖ್ಯೆ ಹೇಳಿ ಕೇಳಿದರೆ ಕೆಲಸ ಬೇಗ ಆಗುತ್ತದೆ, ಏಕೆಂದರೆ ಆ ಸಂಖ್ಯೆ ಇರುವುದು ಒಂದೇ ಪ್ರತಿಗೆ.

ಸಿ.ಡಿ.ಯನ್ನು ಪ್ರತ್ಯೇಕವಾಗಿ ಹುಡುಕಿದರೆ ಸಿಗದೇ ಇರಬಹುದು. ಪುಸ್ತಕದ ಜೊತೆ ಬಂದ ಸಿ.ಡಿ. ಅದೇ ಪುಸ್ತಕದ ದಾಖಲೆಯೊಳಗೆ, ಪುಟಗಳ ಸಂಖ್ಯೆಯ ಪಕ್ಕದಲ್ಲಿ ಪೂರಕ ಸಾಮಗ್ರಿ ಎಂದು ನಮೂದಾಗುತ್ತದೆ. ಪುಸ್ತಕ ಕಪಾಟಿಗೆ ಹೋದರೂ ಸಿ.ಡಿ.ಯನ್ನು ಕೌಂಟರ್‌ನಲ್ಲೋ ಬೀರುವಿನಲ್ಲೋ ಬೇರೆ ಇಡುವುದು ರೂಢಿ.

ಎಂ.ಎ. ಕನ್ನಡ ವಿದ್ಯಾರ್ಥಿನಿ

ಪುಸ್ತಕ ಬೈಂಡಿಂಗ್ ರಾಶಿಯಲ್ಲಿತ್ತು, ಸಿ.ಡಿ. ಕೌಂಟರ್ ಹಿಂದಿನ ಬೀರುವಿನಲ್ಲಿ. ಎರಡೂ ಸಿಕ್ಕವು! ಸಿ.ಡಿ.ಯಲ್ಲಿ ಬೀಸುವ ಪದಗಳು ಎರಡೇ ಇವೆ. ಇನ್ನಷ್ಟು ಧ್ವನಿಮುದ್ರಣ ಎಲ್ಲಿ ಸಿಗಬಹುದು? ಇದೇ ವಿಷಯದ ಪಿಎಚ್.ಡಿ. ಪ್ರಬಂಧಗಳನ್ನು ಮನೆಯಿಂದಲೇ ಓದಬಹುದೇ?

ಪದವಿ ಕಾಲೇಜಿನ ಗ್ರಂಥಪಾಲಕ

ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಎಂಬ ಜಾಲತಾಣ ಇದೆ. ಅಲ್ಲಿ ಓದಲು ಲಾಗಿನ್ ಬೇಕಿಲ್ಲ. ವಿಶ್ವವಿದ್ಯಾಲಯಗಳು ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂಬ ಯುಜಿಸಿ ನಿಯಮ ಬಂದದ್ದು 2009ರಲ್ಲಿ. ಅದಕ್ಕಿಂತ ಹಳೆಯವು ಅಲ್ಲಿ ಸಿಗದಿದ್ದರೆ ಆಯಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಹೋಗಬೇಕು, ನಿಮ್ಮ ಗ್ರಂಥಪಾಲಕರಿಂದ ಪರಿಚಯ ಪತ್ರ ಪಡೆದು ಹೋಗಿ. ಶೋಧಗಂಗೆಯಲ್ಲೂ ಕನ್ನಡ ಶೀರ್ಷಿಕೆಗಳು ಇಂಗ್ಲಿಷ್ ಅಕ್ಷರಗಳಲ್ಲಿ ಇರುವುದುಂಟು. ಇಲ್ಲಿ ಕಲಿತ ವಿಧಾನವನ್ನೇ ಅಲ್ಲೂ ಬಳಸಿ. ಕಾಲೇಜುಗಳಿಗೆಂದು ಇರುವ ವಿದ್ಯುನ್ಮಾನ ಸೇವೆ ಎನ್-ಲಿಸ್ಟ್‌ನ ಇ-ಪುಸ್ತಕಗಳಿಗೆ ಮಾತ್ರ ನಿಮ್ಮ ಕಾಲೇಜೇ ಖಾತೆ ತೆರೆದುಕೊಡಬೇಕು.

ಧ್ವನಿಮುದ್ರಣಗಳಿಗೆ ರಾಮನಗರದ ಜಾನಪದ ಲೋಕವನ್ನೂ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವನ್ನೂ ವಿಚಾರಿಸಿ. ಹೋಗುವ ಮೊದಲು ಪತ್ರ ಬರೆದು, ಏನು ಬೇಕು, ಏಕೆ ಬೇಕು ಎಂದು ಸ್ಪಷ್ಟವಾಗಿ ತಿಳಿಸಿ.

ಕೊನೆಗೆ ಒಂದು ಕೋರಿಕೆ. ನಿಮ್ಮ ಗ್ರಂಥಾಲಯಕ್ಕೆ ಈ ದಾಖಲೆಯನ್ನು ತಿದ್ದಲು ಬರೆದು ಕೊಡಿ: ಶೀರ್ಷಿಕೆ ಕನ್ನಡ ಲಿಪಿಯಲ್ಲೂ ಇರಲಿ, ಸಂಗ್ರಾಹಕರ ಹೆಸರು ಸೇರಲಿ. ಮಾರ್ಕ್ ದಾಖಲೆಯಲ್ಲಿ ಎರಡನೆಯ ಲಿಪಿಗೆಂದೇ 880ನೇ ಟ್ಯಾಗ್ ಇದೆ, ಇಂಗ್ಲಿಷ್ ಅಕ್ಷರಗಳಲ್ಲಿರುವುದನ್ನು ಅಳಿಸಬೇಕಾಗಿಲ್ಲ. ಕನ್ನಡ ಪುಸ್ತಕವನ್ನು ಕನ್ನಡದಲ್ಲಿ ಹುಡುಕಿದವರಿಗೆ ಅದು ಸಿಗಲೇಬೇಕು. ಒಂದು ದಾಖಲೆ ತಿದ್ದುವುದು ಕೆಲವೇ ನಿಮಿಷಗಳ ಕೆಲಸ.

ಎಂ.ಎ. ಕನ್ನಡ ವಿದ್ಯಾರ್ಥಿನಿ

ಬರೆದು ಕೊಟ್ಟಿದ್ದೇನೆ ಸರ್. 398ರ ಸಾಲಿನಲ್ಲಿ ಕಂಡ ಇನ್ನೂ ಕೆಲವು ಪುಸ್ತಕಗಳ ಅಕ್ಸೆಷನ್ ಸಂಖ್ಯೆಗಳನ್ನೂ ಅದೇ ಪತ್ರದಲ್ಲಿ ಸೇರಿಸಿದ್ದೇನೆ.